ಹಳೆಯ ಮೋಟಾರಿನ ಗೇರೂ ಜೀರ್ಣೋದ್ಧಾರದ ಧರ್ಮವೂ

ಧರ್ಮಸೂಕ್ಷ್ಮವು ದೊಡ್ಡ ಸಂದರ್ಭಗಳಲ್ಲಿಯೇ ತೋರಿಬರುವುದೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ರಾಜ್ಯವನ್ನು ಬಿಡುವುದೋ ಹಿಡಿಯುವುದೋ, ಮಿತ್ರನನ್ನು ಕಾಯುವುದೋ ಸತ್ಯವನ್ನು ಕಾಯುವುದೋ ಎಂಬಂಥ ಪ್ರಸಂಗಗಳೇ ನೀತಿಶಾಸ್ತ್ರದ ಗ್ರಂಥಗಳಲ್ಲಿ ದೃಷ್ಟಾಂತಗಳಾಗಿ ಬರುತ್ತವೆ. ಆದರೆ ಮನುಷ್ಯನ ಆಯುಷ್ಯದ ಬಹುಭಾಗವು ಇಂಥ ಪ್ರಸಂಗಗಳಲ್ಲಿ ಕಳೆಯುವುದಿಲ್ಲ. ಒಡೆದುದನ್ನು ಕೂಡಿಸುವುದು, ಹರಿದುದನ್ನು ಹೊಲಿಯುವುದು, ಸವೆದುದನ್ನು ಬದಲಿಸುವುದು, ಇವುಗಳಲ್ಲಿಯೇ ಅದು ಕಳೆಯುತ್ತದೆ. ಹೀಗಿರಲು ದುರಸ್ತಿಯ ಕೆಲಸಕ್ಕೂ ಒಂದು ಧರ್ಮವಿರಲೇಬೇಕಲ್ಲವೇ? ಆ ಧರ್ಮವು ಯಾವುದೆಂಬುದನ್ನು ಒಂದು ಅತಿ ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶವು. ವಸ್ತುವೆಂದರೆ ಹಳೆಯ ಕಾಲದ ಸ್ಪೋರ್ಟ್ಸ್ ಮೋಟಾರಿನ ಒಳಗಡೆ, ಚಾಲಕನ ಕೈಯಳತೆಯಲ್ಲಿ ನಿಂತಿರುವ ಗೇರಿನ ರಾಡು ಮತ್ತು ಅದಕ್ಕೆ ಸೇರಿದ ನಾಲ್ಕಾರು ಬಿಡಿಭಾಗಗಳು.

ಹನುಮಸಾಗರದ ಸುತ್ತಣ ಹಳ್ಳಿಗಳ ವಾಚಕರು ಇದನ್ನು ಕೇಳಿ ನಗಬಹುದು. ಜೋಳ ಸಜ್ಜೆಗಳ ಈ ಸೀಮೆಯಲ್ಲಿ ಸ್ಪೋರ್ಟ್ಸ್ ಮೋಟಾರಿನ ಚಿಂತೆ ಯಾರಿಗೆ ಎಂದು ಕೇಳಬಹುದು. ನಿಜ, ಆದರೆ ಬಂಡಿಯ ಅಚ್ಚನ್ನು ಬದಲಿಸಿದವನಿಗೂ, ಕೂರಿಗೆಗೆ ಹೊಸ ತಾಳು ಕೂಡಿಸಿದವನಿಗೂ, ಅಜ್ಜನ ಕಾಲದ ಬಾಗಿಲಿಗೆ ಹೊಸ ಅಗುಳಿಯನ್ನಿಟ್ಟವನಿಗೂ ಇದೇ ಪ್ರಶ್ನೆಯು ಬೇರೆ ವೇಷದಲ್ಲಿ ಎದುರಾಗಿಯೇ ಇದೆ. ಮೋಟಾರು ಪರದೇಶದ್ದಾದರೂ ಪ್ರಶ್ನೆಯು ನಮ್ಮದು.

ಮೊದಲು ವಸ್ತುವಿನ ಪರಿಚಯವಾಗಲಿ. ಮೋಟಾರಿನ ಎಂಜಿನ್ನು ಒಂದು ಮಿತಿಯ ವೇಗದಲ್ಲಿ ತಿರುಗುವಾಗ ಮಾತ್ರ ಒಳ್ಳೆಯ ಬಲವನ್ನು ಕೊಡಬಲ್ಲದು. ಏರನ್ನು ಹತ್ತುವಾಗಲೂ ಬಯಲಿನಲ್ಲಿ ಓಡುವಾಗಲೂ ಆ ಬಲವನ್ನು ಗಾಲಿಗಳಿಗೆ ಬೇರೆಬೇರೆ ಪ್ರಮಾಣದಲ್ಲಿ ಮುಟ್ಟಿಸಬೇಕಾಗುವುದರಿಂದ ಚಿಕ್ಕ ದೊಡ್ಡ ಹಲ್ಲಿನ ಚಕ್ರಗಳ ಪೆಟ್ಟಿಗೆಯೊಂದು ನಡುವೆ ಬಂದಿತು. ಈ ಚಕ್ರಗಳನ್ನು ಸರಿಸಿ ಕೂಡಿಸುವ ಕ್ರಮವನ್ನು 1891ರ ಸುಮಾರಿಗೆ ಫ್ರಾನ್ಸಿನಲ್ಲಿ ಎಮಿಲ್ ಲೆವಸ್ಸೋರನು ಪಾನ್ಹಾರ್ ಮೋಟಾರುಗಳಲ್ಲಿ ರೂಢಿಗೆ ತಂದನು. ಹಲ್ಲು ಹಲ್ಲಿಗೆ ಬಡಿದು ಗರಗರ ಸದ್ದಾಗದಂತೆ ಎರಡು ಚಕ್ರಗಳ ವೇಗವನ್ನು ಮುಂಚಿತವಾಗಿ ಸರಿದೂಗಿಸುವ ಉಪಾಯವು 1928ರಲ್ಲಿ ಅಮೇರಿಕೆಯ ಕ್ಯಾಡಿಲಾಕ್ ಮೋಟಾರಿನಲ್ಲಿ ಬಂದಿತು. ಆದರೂ 1945ರಿಂದ 1949ರ ವರೆಗೆ ಇಂಗ್ಲಂಡಿನ ಅಬಿಂಗ್ಡನ್ನಿನಲ್ಲಿ ತಯಾರಾದ ಎಂ.ಜಿ. ಟಿ.ಸಿ. ಎಂಬ ಇಬ್ಬರು ಕೂಡುವ ಗಾಡಿಯಲ್ಲಿ ಮೊದಲನೆಯ ಗೇರಿಗೆ ಈ ಅನುಕೂಲವಿರಲಿಲ್ಲ. ಚಾಲಕನು ಎಂಜಿನ್ನಿನ ಧ್ವನಿಯನ್ನು ಕಿವಿಯಿಂದ ಕೇಳಿ, ಚಕ್ರಗಳ ಒಪ್ಪಿಗೆಯನ್ನು ಅಂಗೈಯಿಂದ ತಿಳಿದು, ಆಮೇಲೆ ರಾಡನ್ನು ನೂಕಬೇಕಾಗಿತ್ತು. ಅಂದಮೇಲೆ ಗೇರಿನ ರಾಡು ಬರಿಯ ಕಬ್ಬಿಣದ ಕೋಲಲ್ಲ. ಯಂತ್ರವೂ ಮನುಷ್ಯನೂ ಮಾತನಾಡಿಕೊಳ್ಳುವ ಸ್ಥಳವದು. ನಮ್ಮ ದೇಶದಲ್ಲಿ ಬಹುಮಂದಿ ಕಂಡ ಅಂಬಾಸಡರ್ ಮೋಟಾರಿನಲ್ಲಿ ಈ ಸ್ಥಳವು ಮೊದಲು ಸ್ಟಿಯರಿಂಗಿನ ಕಂಬದ ಮೇಲಿದ್ದು, ತರುವಾಯ ನೆಲಕ್ಕಿಳಿಯಿತು. 2014ರಲ್ಲಿ ಆ ಗಾಡಿಯ ಉತ್ಪಾದನೆಯೇ ನಿಂತುಹೋಯಿತು.

ಈ ರಾಡಿನ ಕೆಳತುದಿಯಲ್ಲಿ ಒಂದು ಗುಂಡು ಇದ್ದು ಅದು ತನ್ನ ಗೂಡಿನಲ್ಲಿ ಕೂತು ಎಲ್ಲ ದಿಕ್ಕಿಗೂ ಹೊರಳುತ್ತದೆ. ಅಲ್ಲಿ ಬುಶ್ಶೂ ಸ್ಪ್ರಿಂಗೂ ಇದ್ದು ರಾಡು ಗಡಗಡ ನಡುಗದಂತೆ ಹಿಡಿಯುತ್ತವೆ. ಅದರ ಮೇಲೆ ಮಡಿಕೆ ಮಡಿಕೆಯಾದ ರಬ್ಬರಿನ ಬೂಟು. ಕೆಳಗಿನ ಬಿಸಿ, ಧೂಳಿ, ಎಣ್ಣೆಯ ನಾತ, ಹೊಗೆ ಇವು ಮೇಲೆ ಬಾರದಂತೆ ತಡೆಯುವುದು ಅದರ ಕೆಲಸ. ಬೂಟಿನ ಅಂಚನ್ನು ಒಂದು ಲೋಹದ ಬಳೆಯು ಒತ್ತಿ ಹಿಡಿಯುತ್ತದೆ. ಬಳೆಯನ್ನು ಸಣ್ಣ ಸ್ಕ್ರೂಗಳು ನೆಲಕ್ಕೆ ಬಿಗಿಯುತ್ತವೆ. ಎಲ್ಲಕ್ಕೂ ಮೇಲೆ ಹಿಡಿಗುಂಡು, ಅದರ ನೆತ್ತಿಯ ಮೇಲೆ ಗೇರುಗಳ ಅಂಕೆ, ಅದರ ಕೊರಳಲ್ಲಿ ಸಡಿಲಾಗದಂತೆ ಕಾಯುವ ಲಾಕ್ ನಟ್ಟು.

ಇವುಗಳನ್ನು ಕೂಡಿಸುವುದಕ್ಕೆ ಒಂದು ಕ್ರಮವುಂಟು. ಹಿಡಿಗುಂಡನ್ನು ಮೊದಲು ತಿರುವಿದವನು ಬೂಟನ್ನು ತೊಡಿಸಲಾರನು. ಬಿರುಸಾದ ರಬ್ಬರನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಸಾಬೂನಿನ ನೀರು ಸವರಿ ಇಳಿಸಬೇಕು. ಖನಿಜದ ಎಣ್ಣೆಯನ್ನು ಸವರಿದರೆ ಕೆಲಸವು ಈ ಹೊತ್ತಿಗೆ ಸುಲಭವಾದರೂ ಸಹಜ ರಬ್ಬರು ಮುಂದೆ ಉಬ್ಬಿ ಕೆಡುತ್ತದೆ. ಬಳೆಯ ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಮತ್ತೊಂದಕ್ಕೆ ಹೋಗಕೂಡದು. ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬರಬೇಕು. ಎಲ್ಲಕ್ಕಿಂತ ಎಚ್ಚರಿಕೆಯು ಹಿಡಿಗುಂಡಿನ ವಿಷಯದಲ್ಲಿ ಬೇಕು. ಹಳೆಯ ಇಂಗ್ಲಿಷ್ ಗಾಡಿಗಳ ತಿರುಪಿನ ಹಲ್ಲು ಅಂಗುಲದ ಲೆಕ್ಕದ್ದು. ಈಗ ಅಂಗಡಿಯಲ್ಲಿ ಸಿಕ್ಕುವ ಎಷ್ಟೋ ಗುಂಡುಗಳದು ಮಿಲಿಮೀಟರಿನ ಲೆಕ್ಕದ್ದು. ಇಂಥ ಗುಂಡು ಮೊದಲ ಒಂದೆರಡು ಸುತ್ತಿಗೆ ಒಪ್ಪಿದಂತೆ ನಟಿಸಿ ಆಮೇಲೆ ಹಟ ಹಿಡಿಯುತ್ತದೆ. ಬಲವಂತ ಮಾಡಿದರೆ ಕೆಡುವುದು ಹೊಸ ಗುಂಡು ಮಾತ್ರವಲ್ಲ, ಹಳೆಯ ರಾಡೂ ಕೆಡುತ್ತದೆ. ಹೊಸದನ್ನು ಹಳೆಯದಕ್ಕೆ ಕೂಡಿಸುವಾಗ ಬಗ್ಗಬೇಕಾದದ್ದು ಹೊಸದು ಎಂಬ ನೀತಿಯನ್ನು ಈ ತಿರುಪು ಯಾವ ಗ್ರಂಥದ ಸಹಾಯವೂ ಇಲ್ಲದೆ ಕಲಿಸುತ್ತದೆ.

ಇನ್ನು ತಾತ್ತ್ವಿಕವಾದ ಪ್ರಶ್ನೆಗೆ ಬರೋಣ. ಬೂಟು ಹೊಸದಾಯಿತು, ಬಳೆ ಹೊಸದಾಯಿತು, ಗುಂಡೂ ಹೊಸದಾಯಿತು. ನಾಳೆ ಆಸನ, ನಾಡಿದ್ದು ಎಂಜಿನ್ನು. ಹೀಗೆ ಬದಲಾಗುತ್ತ ಹೋದ ಗಾಡಿಯು ಅದೇ ಗಾಡಿಯೇ? ಈ ಸಂದೇಹವು ಹೊಸದಲ್ಲ. ಪಾಲಿ ಭಾಷೆಯ ಮಿಲಿಂದಪಞ್ಹದಲ್ಲಿ ನಾಗಸೇನ ಭಿಕ್ಷುವು ಮಿಲಿಂದ ರಾಜನನ್ನು ಅವನು ಏರಿಬಂದ ರಥದ ವಿಷಯವಾಗಿಯೇ ಕೇಳುತ್ತಾನೆ: ಮೂಕಿಯು ರಥವೇ, ಅಚ್ಚು ರಥವೇ, ಗಾಲಿಯು ರಥವೇ ಎಂದು. ಯಾವುದೂ ಅಲ್ಲವೆಂದಾಗ, ಭಾಗಗಳ ಕೂಟಕ್ಕೆ ವ್ಯವಹಾರದಲ್ಲಿ ಇಟ್ಟ ಹೆಸರೇ ರಥವೆಂಬ ನಿರ್ಣಯಕ್ಕೆ ಮಾತು ಬಂದು ಮುಟ್ಟುತ್ತದೆ. ಗ್ರೀಕರ ಪ್ಲುಟಾರ್ಕನು ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಕಥೆಯನ್ನು ಹೇಳುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಹಾಬ್ಸನು ಅದಕ್ಕೊಂದು ಹೊಸ ತೊಡಕನ್ನು ಸೇರಿಸಿದನು: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ, ನಿಜವಾದದ್ದು ಯಾವುದು?

ನಮ್ಮ ಜಾತ್ರೆಯ ತೇರನ್ನು ನೋಡಿದರೆ ಈ ತೊಡಕು ಅಷ್ಟೊಂದು ಕಠಿಣವೆಂದು ತೋರುವುದಿಲ್ಲ. ತೇರಿನ ಗಾಲಿ ಬದಲಾಗುತ್ತದೆ, ಮಿಣಿಹಗ್ಗ ಬದಲಾಗುತ್ತದೆ, ಎಳೆಯುವ ಜನರೂ ತಲೆಮಾರಿಗೊಮ್ಮೆ ಬದಲಾಗುತ್ತಾರೆ. ತೇರು ಮಾತ್ರ ಅದೇ ತೇರು. ಪುರಿಯ ಜಗನ್ನಾಥನಿಗೆ ನವಕಲೇವರದ ಉತ್ಸವದಲ್ಲಿ, ಕೊನೆಯ ಸಲ 2015ರಲ್ಲಿ, ಹೊಸ ಮರದ ವಿಗ್ರಹವೇ ಬಂದಿತು. ದೇವರು ಬೇರೆಯಾದನೆಂದು ಯಾವ ಭಕ್ತನೂ ಹೇಳಲಿಲ್ಲ. ಏಕೆಂದರೆ ಬದಲಾವಣೆಯು ಅಲ್ಲಿ ಎಲ್ಲರಿಗೂ ತಿಳಿದೇ ನಡೆಯುತ್ತದೆ. ಗುಟ್ಟಾಗಿರುವುದು ವಿಧಿಯ ಒಳಗಣ ಕ್ರಿಯೆಯೇ ಹೊರತು ಬದಲಾವಣೆಯ ಸಂಗತಿಯಲ್ಲ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. 'ಇದು ಅದೇ ವಸ್ತುವೇ?' ಎಂಬುದು ತಾರ್ಕಿಕರ ಪ್ರಶ್ನೆ. ಅದನ್ನು ಅವರು ಎಷ್ಟು ಕಾಲ ಬೇಕಾದರೂ ಚರ್ಚಿಸಲಿ. 'ಈ ವಸ್ತುವಿನ ವಿಷಯದಲ್ಲಿ ನಾನು ಏನು ಹೇಳುತ್ತಿದ್ದೇನೆ, ಅದು ನಿಜವೇ?' ಎಂಬುದು ನೀತಿಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರವು ದೊರೆಯದಿದ್ದರೂ ಎರಡನೆಯದಕ್ಕೆ ನಾವು ಉತ್ತರ ಕೊಡಲೇಬೇಕು.

ಸರಕಾರದ ಕಾನೂನು ಇಲ್ಲಿ ಎಷ್ಟರಮಟ್ಟಿಗೆ ನೆರವಾಗುತ್ತದೆ? 2021ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲನೆಯ ನೋಂದಣಿಯಿಂದ 50 ವರ್ಷ ಕಳೆದ ಗಾಡಿಗಳನ್ನು 'ವಿಂಟೇಜ್' ಎಂದು ಬೇರೆಯಾಗಿ ನೋಂದಾಯಿಸುವ ಏರ್ಪಾಡು ಬಂದಿತು. ಅಂಥ ಗಾಡಿಗಳು ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನು ಇವುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದೆಂದು ನಿಯಮವು ವಿಧಿಸುತ್ತದೆ. ಗೇರಿನ ಬೂಟನ್ನಾಗಲಿ ಗುಂಡನ್ನಾಗಲಿ ಅದು ಹೆಸರಿಸುವುದಿಲ್ಲ, ಹೆಸರಿಸಬೇಕಾಗಿಯೂ ಇಲ್ಲ. ಕಾನೂನು ದೊಡ್ಡ ಭಾಗಗಳನ್ನು ಕಾಯುತ್ತದೆ, ಸಣ್ಣವನ್ನು ಮನುಷ್ಯನ ಅಂತಃಕರಣಕ್ಕೆ ಬಿಡುತ್ತದೆ. ಮನುಷ್ಯನ ಸ್ವಭಾವವು ಪರೀಕ್ಷೆಗೆ ಒಳಗಾಗುವುದು ಈ ಬಿಟ್ಟ ಸ್ಥಳದಲ್ಲಿಯೇ.

ಹಳೆಯ ಗಾಡಿಗಳನ್ನು ಉಳಿಸಿಕೊಳ್ಳುವವರಲ್ಲಿ ಎರಡು ಪಂಥಗಳುಂಟು. ಒಂದು ಪಂಥದವರು ಎಲ್ಲವನ್ನೂ ಹೊಸದಾಗಿಸಿ, ಗಾಡಿಯು ನಿನ್ನೆಯೇ ಕಾರ್ಖಾನೆಯಿಂದ ಹೊರಬಂದಂತೆ ಮಾಡುತ್ತಾರೆ. ನಿರ್ಮಾಪಕನ ಮನಸ್ಸಿನಲ್ಲಿದ್ದ ರೂಪವನ್ನು ಗೌರವಿಸುತ್ತೇವೆಂಬುದು ಅವರ ವಾದ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ನಿರ್ಮಾಪಕನು ಗಾಡಿಯನ್ನು ಮಾಡಿದ್ದು ಓಡಿಸುವುದಕ್ಕೆ. ಓಡಿಸಿದವರ ಐವತ್ತು ವರುಷಗಳನ್ನು ಅಳಿಸಿಹಾಕುವುದು ಅವನ ಉದ್ದೇಶವನ್ನೇ ಅಳಿಸಿದಂತೆ ಆಗಲಾರದೇ? ಮತ್ತೊಂದು ಪಂಥದವರು ಏನನ್ನೂ ಮುಟ್ಟಲೊಲ್ಲರು. ಎಷ್ಟೋ ಅಂಗೈಗಳು ತಿಕ್ಕಿ ಅಂಕೆಗಳು ಮಾಸಿದ ಹಿಡಿಗುಂಡು ಅವರಿಗೆ ಶಾಸನವಿದ್ದಂತೆ. ಇದರಲ್ಲಿಯೂ ಸತ್ಯವುಂಟು. ಆದರೆ ಹರಿದ ಬೂಟಿನ ಸಂದಿನಿಂದ ಎಂಜಿನ್ನಿನ ವಿಷವಾಯುವು ಒಳಗೆ ಬರಬಹುದು. ಪಕ್ಕದಲ್ಲಿ ಕೂತ ಮಗುವಿನ ಉಸಿರಿಗಿಂತ ಹಳೆಯ ರಬ್ಬರಿನ ಗೌರವವು ದೊಡ್ಡದೆಂದು ಹೇಳುವವನನ್ನು ನಾವು ಪುರಾತತ್ತ್ವಪ್ರೇಮಿಯೆನ್ನಲಾರೆವು. ವಾಹನವೆಂಬುದು ಜೀವವನ್ನು ಹೊರುವ ವಸ್ತು. ಜೀವರಕ್ಷಣೆಯ ಮುಂದೆ ಮಿಕ್ಕ ವಾದಗಳೆಲ್ಲ ಹಿಂದೆ ಸರಿಯಬೇಕು.

ಎರಡೂ ಅತಿಗಳನ್ನು ಬಿಟ್ಟು ನಡುದಾರಿ ಹಿಡಿಯೋಣವೆಂದು ಹೇಳಿ ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ನಡುವೆ ಇದ್ದ ಮಾತ್ರಕ್ಕೆ ಯಾವ ದಾರಿಯೂ ಸರಿಯಾಗುವುದಿಲ್ಲ. ಅದಕ್ಕೊಂದು ಆಧಾರ ಬೇಕು. ಆ ಆಧಾರವನ್ನು ನಾನು ಹೀಗೆ ಕಾಣುತ್ತೇನೆ. ಪ್ರತಿಯೊಂದು ಭಾಗವೂ ಯಾರಿಗೋ ಏನನ್ನೋ ಹೇಳುತ್ತದೆ. ಅದು ಹೇಳುವ ಮಾತು ಸುಳ್ಳಾಗಕೂಡದು.

ಹಿಡಿಗುಂಡಿನ ನೆತ್ತಿಯ ಅಂಕೆಗಳನ್ನೇ ನೋಡಿರಿ. ಹಿಂದಕ್ಕೆ ನಡೆಯುವ ಗೇರು ಕೆಲವು ಗಾಡಿಗಳಲ್ಲಿ ಒಂದು ಮೂಲೆಗಿದ್ದರೆ ಮತ್ತೆ ಕೆಲವುಗಳಲ್ಲಿ ಇನ್ನೊಂದು ಮೂಲೆಗಿರುತ್ತದೆ. ನಾಲ್ಕು ಗೇರಿನ ಗಾಡಿಗೆ, ಅಂದವಾಗಿದೆಯೆಂದು, ಐದು ಗೇರಿನ ಅಂಕೆ ಕೊರೆದ ಗುಂಡನ್ನು ತೊಡಿಸಿದವನು ಒಂದು ಸುಳ್ಳನ್ನು ಗಾಡಿಯ ಬಾಯಲ್ಲಿಟ್ಟಂತಾಯಿತು. ಅವನಿಗೆ ಅಭ್ಯಾಸವಿರುವುದರಿಂದ ಅವನು ಮೋಸಹೋಗಲಾರನು. ಮುಂದೆ ಆ ಗಾಡಿಯನ್ನು ಕೊಂಡವನು, ಅಥವಾ ಒಂದು ದಿನದ ಮಟ್ಟಿಗೆ ಎರವಲು ಪಡೆದ ಬಂಧುವು, ಇಳಿಜಾರಿನಲ್ಲಿ ಆ ಅಂಕೆಯನ್ನು ನಂಬಿ ರಾಡನ್ನು ನೂಕಿದರೆ? ಸುಳ್ಳು ಹೇಳಿದವನು ಹತ್ತಿರವಿರುವುದಿಲ್ಲ, ಸುಳ್ಳು ಮಾತ್ರ ಅಲ್ಲಿಯೇ ಇರುತ್ತದೆ. ವಸ್ತುಗಳಲ್ಲಿ ಹುದುಗಿಸಿದ ಅಸತ್ಯಕ್ಕೂ ಬಾಯಿಂದಾಡಿದ ಅಸತ್ಯಕ್ಕೂ ಇರುವ ಭೇದವು ಇದೇ.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಅಸತ್ಯವುಂಟು. ಹೊಸ ಗುಂಡನ್ನು ಮರಳುಕಾಗದದಿಂದ ತಿಕ್ಕಿ, ಮಸಿ ಸವರಿ, ಹಳೆಯದರಂತೆ ಮಾಡಿ ಕೂಡಿಸುವವರಿದ್ದಾರೆ. ಯಾರಿಗೆ ಏನು ಕೆಟ್ಟಿತು ಎಂದು ಅವರು ಕೇಳುತ್ತಾರೆ. ಕಣ್ಣಿಗೆ ಎರಡೂ ಒಂದೇ ಆಗಿ ತೋರಬಹುದು. ಆದರೆ ಸವಕಳಿಯೆಂಬುದು ಸಾಕ್ಷಿ. ಒಬ್ಬನು ಸಾವಿರಾರು ಸಲ ಕೈಯಿಟ್ಟದ್ದರಿಂದ ಅದು ಹುಟ್ಟಿತು. ಕೃತಕವಾದ ಸವಕಳಿಯು ಕಳ್ಳಸಾಕ್ಷಿ. ಖೊಟ್ಟಿ ನಾಣ್ಯವನ್ನು ಸಂತೆಯಲ್ಲಿ ಸಾಗಿಸಿದವನಿಂದ ಅದನ್ನು ಪಡೆದವನಿಗೆ ನಷ್ಟವಾಗದೆಯೂ ಇರಬಹುದು, ಅವನೂ ಅದನ್ನು ಮತ್ತೊಬ್ಬನಿಗೆ ದಾಟಿಸಬಹುದು. ನಷ್ಟವಾಗುವುದು ನಾಣ್ಯವೆಂಬುದರ ಮೇಲಿನ ನಂಬಿಗೆಗೆ. ಹಾಗೆಯೇ ಕೃತಕ ಹಳಮೆಯು ಹೆಚ್ಚಿದ ಕಡೆಯಲ್ಲಿ ನಿಜವಾಗಿ ಸವೆದ ವಸ್ತುವನ್ನೂ ಜನರು ಸಂಶಯದಿಂದ ನೋಡುವಂತಾಗುತ್ತದೆ. ಸತ್ತುಹೋದ ಆ ಕೈಗಳ ಸಾಕ್ಷಿಯನ್ನು ಯಾರೂ ನಂಬದಂತಾಗುತ್ತದೆ.

ಇಲ್ಲಿ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದನ್ನು ಹೇಳಬೇಕಾಗಿದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ, 1991ರ ಆರ್ಥಿಕ ಸುಧಾರಣೆಗಳ ವರೆಗೆ, ಪರದೇಶದ ಬಿಡಿಭಾಗಗಳನ್ನು ತರಿಸುವುದು ಬಹು ಕಷ್ಟವಾಗಿತ್ತು. ಆ ಕಾಲದಲ್ಲಿ ಪರದೇಶದ ಗಾಡಿಗಳು ನಮ್ಮಲ್ಲಿ ಉಳಿದದ್ದು ನಮ್ಮ ಮೇಸ್ತ್ರಿಗಳ ಕೈಗುಣದಿಂದ. ಟ್ಯೂಬಿನ ರಬ್ಬರು ಕತ್ತರಿಸಿ ಬೂಟು ಮಾಡುವ, ಲೇತಿನ ಮೇಲೆ ಹಿತ್ತಾಳೆಯನ್ನೋ ಬೀಟೆಯನ್ನೋ ತಿರುವಿ ಗುಂಡು ಮಾಡುವ ಜಾಣ್ಮೆಯು ಊರೂರಿನ ಗ್ಯಾರೇಜುಗಳಲ್ಲಿತ್ತು. ಈಗ ಪರದೇಶದಿಂದ 'ಅಸಲು' ಭಾಗಗಳು ಟಪಾಲಿನಲ್ಲಿಯೇ ಬರುವಾಗ, ಈ ದೇಶೀ ಭಾಗಗಳನ್ನು ಕಿತ್ತು ಕಸಕ್ಕೆ ಎಸೆಯುವುದು ರೂಢಿಯಾಗಿದೆ. ಅಬಿಂಗ್ಡನ್ನಿನ ಕಾರ್ಮಿಕನ ಕೈ ಮೂಲವೆಂದೂ ನಮ್ಮ ಸಂತೆಬೀದಿಯ ಮೇಸ್ತ್ರಿಯ ಕೈ ಕಲಬೆರಕೆಯೆಂದೂ ಯಾರು ವಿಧಿಸಿದರು? ಮೊದಲನೆಯವನು ಗಾಡಿಗೆ ಜನ್ಮ ಕೊಟ್ಟನು. ಎರಡನೆಯವನು ಸಾಯಗೊಡದೆ ಕಾಯ್ದನು. ಹೆತ್ತವಳಂತೆ ಸಾಕಿದವಳೂ ತಾಯಿಯೆಂದು ಒಪ್ಪುವ ನಾಡು ನಮ್ಮದು. ಬೆಂಗಳೂರಿನ ಸಿಪಾನಿ ಕಂಪನಿಯು 1982ರ ಸುಮಾರಿಗೆ ಹೊರತಂದ ಡಾಲ್ಫಿನ್ ಎಂಬ ಪುಟ್ಟ ಗಾಡಿಯನ್ನು ಇಂದು ಕಾಯ್ದುಕೊಂಡವನಿಗೆ ಈ ಮಾತು ಚೆನ್ನಾಗಿ ತಿಳಿಯುತ್ತದೆ. ನಾರುಗಾಜಿನ ಮೈಯ ಆ ಹಗುರ ಗಾಡಿಯನ್ನು ಮಾಡುತ್ತಿದ್ದ ಕಾರ್ಖಾನೆಯು ಈಗ ಅದನ್ನು ಮಾಡುವುದಿಲ್ಲ. ಅವನ ಪಾಲಿಗೆ ಮೂಲವೆಂಬುದು ಬಹಳ ಮಟ್ಟಿಗೆ ಲೇತಿನ ಮುಂದೆ ನಿಂತ ಮೇಸ್ತ್ರಿಯ ನೆನಪಿನಲ್ಲಿಯೇ ಇದೆ.

1966ರಲ್ಲಿ ಸ್ಥಾಪಿತವಾದ ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2013ರಲ್ಲಿ ಪೂರ್ಣರೂಪಕ್ಕೆ ತಂದ ಟ್ಯೂರಿನ್ ಸನದಿನಲ್ಲಿ, ಗಾಡಿಯು ತನ್ನ ಆಯುಷ್ಯದಲ್ಲಿ ಕಂಡ ಮಾರ್ಪಾಟುಗಳೂ ಅದರ ಚರಿತ್ರೆಯೇ ಎಂದು ಒಪ್ಪಿಕೊಂಡು, ಮಾಡಿದ ಕೆಲಸವನ್ನು ಬರೆದಿಡಬೇಕೆಂದು ಹೇಳಿದೆ. ಕಟ್ಟಡಗಳ ವಿಷಯವಾಗಿ 1964ರ ವೆನಿಸ್ ಸನದು ಇನ್ನೂ ಮೊದಲೇ ಈ ತತ್ತ್ವವನ್ನು ಹೇಳಿತ್ತು: ಹೊಸ ಭಾಗವು ಒಟ್ಟಂದಕ್ಕೆ ಒಪ್ಪಬೇಕು, ಆದರೆ ನೋಡಿದವರಿಗೆ ಹೊಸದೆಂದು ತಿಳಿಯಬೇಕು. ಇದನ್ನು ಕೇಳಿ ಪಶ್ಚಿಮದವರ ಬುದ್ಧಿಗೆ ನಾವು ತಲೆದೂಗುವುದು ಸರಿಯೇ. ಆದರೆ ನಮ್ಮ ಶಾಸನಗಳನ್ನು ಓದಿದವರಿಗೆ ಈ ವಿಚಾರವು ತೀರ ಹೊಸದಲ್ಲ. ದೇವಾಲಯಗಳಿಗೆ ಭೂಮಿಯನ್ನು ಬಿಟ್ಟ ಕನ್ನಡ ಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆಮತ್ತೆ ಬರುತ್ತದೆ. ಖಂಡವೆಂದರೆ ಒಡೆದುದು, ಸ್ಫುಟಿತವೆಂದರೆ ಬಿರಿದುದು. ನಮ್ಮ ಹಿರಿಯರು ಬಿರುಕನ್ನು ಮೊದಲು ಹೆಸರಿಸಿ ಆಮೇಲೆ ಉದ್ಧಾರದ ಮಾತನ್ನಾಡಿದರು. ಗುಡಿಯು ಎಂದಿಗೂ ಒಡೆಯುವುದಿಲ್ಲವೆಂದು ಅವರು ಹೆಮ್ಮೆಪಡಲಿಲ್ಲ. ಒಡೆಯುವುದೆಂದು ಕಲ್ಲಿನ ಮೇಲೆಯೇ ಬರೆದು, ಒಡೆದಾಗ ಕೂಡಿಸುವುದಕ್ಕೆ ವೃತ್ತಿಯನ್ನು ಬಿಟ್ಟರು.

ಕೂಡಿಸಿದ ಗುರುತು ಕಾಣುವುದರಿಂದ ಅಂದವು ಕೆಡುವುದೆಂಬ ಭಯವೂ ಅನಾವಶ್ಯಕ. ನಮಗೆ ದೂರವಲ್ಲದ ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಎಳೆಗೆ ಎಳೆಯನ್ನು ಜೋಡಿಸುತ್ತಾರೆ. ಎಲ್ಲಿ ಮೈ ಮುಗಿದು ಸೆರಗು ಮೊದಲಾಯಿತೆಂಬುದು ಬಣ್ಣದಿಂದಲೇ ತಿಳಿಯುತ್ತದೆ. ಆ ಜೋಡಣೆಯೇ ಸೀರೆಯ ಹಿರಿಮೆ. ಇನ್ನು ಕಾಣದ ಕೂಡಿಕೆಯ ಮಾತು. ಕಿನ್ನಾಳದ ಚಿತ್ರಗಾರರು ಹಗುರ ಮರದ ಭಾಗಗಳನ್ನು ಹುಣಿಸೆಬೀಜದ ಸರಿಯಿಂದ ಕೂಡಿಸಿ, ಮೇಲೆ ಕಿಟ್ಟವನ್ನು ಬಳಿದು, ಆಮೇಲೆ ಬಣ್ಣವನ್ನಿಡುತ್ತಾರೆ. ಬಣ್ಣದ ಕೆಳಗಿನ ಆ ಕಿಟ್ಟವನ್ನು ಕೊಳ್ಳುವವನು ನೋಡುವುದೇ ಇಲ್ಲ. ಆದರೂ ಅದರಲ್ಲಿ ಕಡಿಮೆ ಮಾಡಿದರೆ ಬೊಂಬೆಯು ಬಾಳುವುದಿಲ್ಲ. ಬಳೆಯ ನಾಲ್ಕು ಸ್ಕ್ರೂಗಳಲ್ಲಿ ಎರಡನ್ನೇ ಹಾಕಿ ಮೇಲೆ ಜಮಖಾನೆಯನ್ನು ಎಳೆದುಬಿಡುವ ಮೇಸ್ತ್ರಿಯೂ ಇದನ್ನು ಬಲ್ಲನು. ಗಿರಾಕಿಯ ಕಣ್ಣಿಗೆ ಎರಡೂ ಒಂದೇ. ಗಾಡಿಯ ನಡುಕಕ್ಕೆ ಎರಡೂ ಒಂದೇ ಅಲ್ಲ. ಯಾರೂ ನೋಡದ ಕಡೆಯ ಕೆಲಸಕ್ಕೆ ಕೂಲಿಯನ್ನು ಪಡೆದವನು ನಂಬಿಗೆಯನ್ನೇ ಕೂಲಿಯಾಗಿ ಪಡೆದಿರುತ್ತಾನೆ.

ಗೇರಿನ ಗುಂಡಿನಿಂದ ಹೊರಟ ಈ ವಿಚಾರವು ನಮ್ಮ ಜಿಲ್ಲೆಯ ಹಿರಿಯ ಆಸ್ತಿಗಳಿಗೂ ಅನ್ವಯಿಸುತ್ತದೆ. 1112ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ ಇಟಗಿಯ ಮಹಾದೇವಾಲಯದಲ್ಲಿ ಕಂಬದ ಮೇಲೆ ಕೈಯಾಡಿಸಿದವನು ಆ ಕಾಲದ ಶಿಲ್ಪಿಯ ಕೈಯನ್ನು ಮುಟ್ಟುತ್ತಾನೆ. ಅಲ್ಲಿ ಬಿದ್ದುಹೋದ ಕಲ್ಲಿನ ಸ್ಥಾನದಲ್ಲಿ ಕೆತ್ತನೆಯಿಲ್ಲದ ಸಾದಾ ಕಲ್ಲನ್ನಿಟ್ಟರೆ ಅದು ಪ್ರಾಮಾಣಿಕತೆ. ಹಳೆಯ ಕೆತ್ತನೆಯನ್ನು ಅನುಕರಿಸಿ ಹನ್ನೆರಡನೆಯ ಶತಮಾನದ್ದೆಂದು ತೋರಿಸಿದರೆ ಅದು ಮರಳುಕಾಗದದಿಂದ ತಿಕ್ಕಿದ ಗುಂಡಿನ ದೊಡ್ಡಣ್ಣ. ಊರ ಗುಡಿಗಳ ಕಂಬಗಳಿಗೆ ಎಣ್ಣೆಬಣ್ಣವನ್ನು ಬಳಿಯುವ, ಶಾಸನದ ಅಕ್ಷರಗಳ ಮೇಲೆ ಸುಣ್ಣವನ್ನು ಎಳೆಯುವ ಭಕ್ತಿಗೆ ಉದ್ದೇಶದಲ್ಲಿ ದೋಷವಿಲ್ಲ. ಆದರೆ ಅದು ಸಾಕ್ಷಿಯ ಬಾಯಿಯನ್ನು ಮುಚ್ಚುತ್ತದೆ. ಇದಕ್ಕೆ ಎದುರಾಗಿ, 2019ರ ಜುಲೈ ತಿಂಗಳಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ದುಷ್ಟರು ಕೆಡವಿದಾಗ ಭಕ್ತರು ಕೂಡಿ ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ನಿಲ್ಲಿಸಿದ ಸಂಗತಿಯನ್ನು ನೋಡಿರಿ. ಕೆಡವಿದ್ದೂ ಕಟ್ಟಿದ್ದೂ ನಾಡಿಗೆಲ್ಲ ತಿಳಿದಿದೆ. ಯಾರೂ ಅದನ್ನು ಮುಚ್ಚಲಿಲ್ಲ. ಅದರಿಂದ ಆ ಸ್ಥಳದ ಮಹಿಮೆಯು ಕುಂದಲೂ ಇಲ್ಲ.

ಹಾಗಾದರೆ ಹಳೆಯ ಮೋಟಾರಿನ ಒಡೆಯನು ಮಾಡತಕ್ಕದ್ದೇನು? ಜೀವಕ್ಕೆ ಅಪಾಯವನ್ನು ತರುವ ಭಾಗವನ್ನು ಸಂಕೋಚವಿಲ್ಲದೆ ಬದಲಿಸಲಿ. ಅಪಾಯವಿಲ್ಲದ ಸವಕಳಿಯನ್ನು ಹಾಗೆಯೇ ಬಿಡಲಿ. ಹೊಸದು ಹಳೆಯದಕ್ಕೆ ಹೊಂದುವಂತೆ ನೋಡಿಕೊಳ್ಳಲಿ, ಹಳೆಯದನ್ನು ಹೊಸದಕ್ಕಾಗಿ ಕೊರೆಯದಿರಲಿ. ತೆಗೆದ ಭಾಗವನ್ನು, ಅದು ಅಬಿಂಗ್ಡನ್ನಿನದಾಗಲಿ ಸಂತೆಬೀದಿಯದಾಗಲಿ, ಬಟ್ಟೆಯಲ್ಲಿ ಸುತ್ತಿ, ಯಾವ ವರ್ಷ ಯಾವ ಕಾರಣಕ್ಕೆ ತೆಗೆಯಿತೆಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ. ಮಾರುವ ಕಾಲಕ್ಕೆ ಆ ಚೀಟಿಯನ್ನೂ ಕೊಡಲಿ, ಬೆಲೆಯು ಸ್ವಲ್ಪ ಇಳಿದರೂ ಚಿಂತೆಯಿಲ್ಲ. ಈ ಕೆಲಸಕ್ಕೆ ವಿದ್ವತ್ತು ಬೇಕಾಗಿಲ್ಲ, ಹೆಚ್ಚು ದುಡ್ಡೂ ಬೇಕಾಗಿಲ್ಲ. ಒಂದು ತುಂಡು ಕಾಗದವೂ, ಕೇಳದಿದ್ದರೂ ನಿಜವನ್ನು ಹೇಳುವ ಮನಸ್ಸೂ ಇದ್ದರೆ ಸಾಕು.

ನಾವೆಲ್ಲರೂ ಹಳೆಯದೊಂದರೊಳಗೆ ಹುಟ್ಟಿದವರು. ಭಾಷೆ, ಮನೆ, ಊರು, ಆಚಾರ ಇವು ಯಾವುವೂ ನಮ್ಮ ಕೈಯಿಂದ ಮೊದಲಾದುವಲ್ಲ. ಎಲ್ಲವೂ ಒಂದೊಂದು ಕಡೆಯಲ್ಲಿ ಸವೆದಿವೆ, ಎಲ್ಲವನ್ನೂ ನಾವು ಸ್ವಲ್ಪಸ್ವಲ್ಪ ಬದಲಿಸಿಯೇ ಬದಲಿಸುತ್ತೇವೆ. ಬದಲಿಸಿದ್ದನ್ನು ಅನಾದಿಯೆಂದು ಸಾರಿದರೆ ಮಕ್ಕಳಿಗೆ ತಪ್ಪು ಅಂಕೆಯ ಗುಂಡನ್ನು ಕೊಟ್ಟಂತಾಗುತ್ತದೆ. ಇದು ಹಿರಿಯರದು, ಇದು ನಾವು ಕೂಡಿಸಿದ್ದು, ಈ ಕಾರಣಕ್ಕಾಗಿ ಕೂಡಿಸಿದೆವು ಎಂದು ಬಿಡಿಸಿ ಹೇಳಿದರೆ, ಮುಂದೆ ಎಲ್ಲಿ ಏರಿದೆ ಎಲ್ಲಿ ಇಳಿಜಾರಿದೆ ಎಂಬುದನ್ನು ನೋಡಿಕೊಂಡು ಗೇರನ್ನು ಅವರೇ ಹಾಕಿಕೊಳ್ಳಬಲ್ಲರು.